ಸ್ಪರ್ಧೆ ಎಲ್ಲಿ ಎಂದು ಕೇಳಬಾರದ ಬಳಗಕ್ಕೆ

ಕಾರವಾರದ ಗಾಳಪ್ರಿಯರ ಬಳಗದ ಅಧ್ಯಕ್ಷರಾದ
ಮಾನ್ಯ ತುಳಸಿದಾಸರೇ,

ತಮಗೂ, ಬಳಗದ ಉಳಿದ ಮೂವರು ಸದಸ್ಯರಿಗೂ, ತಮ್ಮೆಲ್ಲರ ಗಾಳಗಳಿಗೂ ಭಾವಿಕೇರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾಗಶ್ರೀಯ ಸಾಷ್ಟಾಂಗ ನಮಸ್ಕಾರಗಳು.

ಗಾಳ ಹಾಕುವ ಸ್ಪರ್ಧೆಗೆ ಜನ ಸೇರುತ್ತಿಲ್ಲ, ಈಗಿನವರಿಗೆ ಟಿವಿ, ಮೊಬೈಲೇ ಸಾಕಾಗಿದೆ ಎಂದು ತಾವು ಕಳೆದ ತಿಂಗಳ ಸಭೆಯಲ್ಲಿ ಕಣ್ಣು ತುಂಬಿಕೊಂಡು ಮಾತನಾಡಿದಿರಂತೆ. ಅದಾದ ಮೇಲೆ ‘ಹೊಸಬರಿಗೆ ಹಾರ್ದಿಕ ಸ್ವಾಗತ’ ಎಂಬ ಕರಪತ್ರ ಅಂಕೋಲಾ ಬಸ್ ನಿಲ್ದಾಣದವರೆಗೂ ಬಂತು. ಅದರಲ್ಲಿ ದಿನಾಂಕವಿತ್ತು, ಸಮಯವಿತ್ತು, ತಮ್ಮ ಭಾವಚಿತ್ರವಂತೂ ಅರ್ಧ ಪುಟ ಇತ್ತು. ಸ್ಪರ್ಧೆ ನಡೆಯುವ ಜಾಗ ಮಾತ್ರ ಇರಲಿಲ್ಲ. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆಯನ್ನು ಕರಪತ್ರಕ್ಕೂ ವಿಸ್ತರಿಸಿದ ಮೊದಲ ಸಂಸ್ಥೆ ತಮ್ಮದೇ ಇರಬೇಕು.

ಹೊಳೆಯಂಚಿನಲ್ಲಿ ಅಪ್ಪನ ಪಕ್ಕ ಕೂತು ಗಾಳ ಹಾಕಲು ಕಲಿತವಳು ನಾನು. ಒಮ್ಮೆಯಾದರೂ ನಾಲ್ಕು ಜನರ ಎದುರು ಸ್ಪರ್ಧಿಸಬೇಕೆಂಬ ಆಸೆ ಬಹಳ ಇತ್ತು. ಸ್ಪರ್ಧೆಯ ಭಾನುವಾರ ಗಾಳಕ್ಕೆ ಸಿಕ್ಕಿಸುವ ಶೆಟ್ಲಿ ಸಿಗಡಿಯ ಡಬ್ಬಿ ಹಿಡಿದು ಮೊದಲ ಬಸ್ಸಿಗೇ ಕಾರವಾರಕ್ಕೆ ಬಂದೆ. ಆ ವಾಸನೆಯ ಕೃಪೆಯಿಂದ ಪಕ್ಕದ ಸೀಟು ದಾರಿಯುದ್ದಕ್ಕೂ ಖಾಲಿಯಿತ್ತು. ಬಸ್ಸಿಳಿದರೆ ತಮ್ಮ ಕಾರ್ಯದರ್ಶಿ ಗುರುಪ್ರಸಾದರು ಗಾಳದ ಕೋಲು ಹೆಗಲಿಗೇರಿಸಿ ಹೊರಟಿದ್ದರು. ಸ್ಪರ್ಧೆ ಎಲ್ಲಿ ಎಂದು ವಿನಯದಿಂದಲೇ ಕೇಳಿದೆ. “ಹೊರಟವರ ಹತ್ರ ಎಲ್ಲಿ ಅಂತ ಕೇಳೂಕಾಗ್ತದ್ಯೇ ತಂಗಿ? ಇವತ್ತಿಂದು ಎಲ್ಲಾ ಹಾಳಾಯ್ತು!” ಎಂದವರೇ ಮನೆಯ ಕಡೆ ತಿರುಗಿ ನಡೆದರು. ಅಪಶಕುನ ಕಳೆಯಲೆಂದು ನೀರು ಕುಡಿದು, ಸ್ವಲ್ಪ ಕೂತು, ಹಿತ್ತಲ ಬಾಗಿಲಿನಿಂದ ಮತ್ತೆ ಹೊರಟರೆಂದು ಆಮೇಲೆ ಗೊತ್ತಾಯಿತು. ನಾನು ಅಮದಳ್ಳಿಯವರೆಗೆ ಕಡಲಂಚಿನ ಕಂಡಕಂಡ ಬಂಡೆಯನ್ನೆಲ್ಲ ಹುಡುಕಿದೆ. ಬಿಸಿಲಿಗೆ ಶೆಟ್ಲಿ ನಾರಿತು, ನನಗೆ ಅಳುವೇ ಬಂತು.

ಫಲಿತಾಂಶವನ್ನು ಪೇಪರಿನಲ್ಲಿ ಓದಿದೆ. ಪ್ರಥಮ ತಾವು, ದ್ವಿತೀಯ, ತೃತೀಯ, ಸಮಾಧಾನಕರ ಉಳಿದ ಮೂವರಿಗೆ. ಹೊಸಬರು ಬರಲಿಲ್ಲವೆಂಬ ತಮ್ಮ ವಿಷಾದವೂ ಕೆಳಗಿತ್ತು. ಬಹುಮಾನ ಇದ್ದಷ್ಟೇ ಜನ ಇರುವಂತೆ ನೋಡಿಕೊಂಡು, ಸೋಲಿನ ನೋವು ಯಾರಿಗೂ ತಟ್ಟದಂತೆ ಕಾಪಾಡುವ ತಮ್ಮ ಕರುಣೆ ದೊಡ್ಡದು. ಅದಕ್ಕೇ ಬಿನ್ನವಿಸುತ್ತೇನೆ: ಮುಂದಿನ ಕರಪತ್ರದಿಂದ ದಿನಾಂಕವನ್ನೂ ತೆಗೆಸಿ; ಕಾರವಾರದ ಸಮುದ್ರಕ್ಕೆ ಬೀಗ ಹಾಕಿಸಿ ಕೀಲಿಕೈಯನ್ನು ಸೊಂಟದಲ್ಲೇ ಇಟ್ಟುಕೊಳ್ಳಿ; ಅಪರಿಚಿತರ ಗಾಳ ಕಚ್ಚಬಾರದೆಂದು ಮೀನುಗಳಿಗೆ ಒಂದು ಸುತ್ತೋಲೆ ಕಳಿಸಿ. ಇದ್ಯಾವುದೂ ಆಗದಿದ್ದರೆ, ಗಾಳ ಇಳಿಸಲು ನನಗೂ ಒಂದು ಮೊಳ ಜಾಗ ಕೊಡಿ. ಸೋತರೆ ಸೋಲುತ್ತೇನೆ, ಅದಕ್ಕೇನೂ ಬೇಸರವಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ನಾಗಶ್ರೀ, ಭಾವಿಕೇರಿ

ಮರೆತಿದ್ದ ಮಾತು: ತಮ್ಮ ಪ್ರಥಮ ಬಹುಮಾನದ ಮೀನು ಎಲ್ಲಿಯದೆಂದು ನಾನು ಯಾರನ್ನೂ ಕೇಳಿಲ್ಲ, ದೇವರಾಣೆ. ಕಾರವಾರ ಪೇಟೆಯಲ್ಲಿ ಮೀನು ಮಾರುವ ನಮ್ಮೂರ ಸುಬ್ಬಿ ಪೇಪರಿನ ಫೋಟೋ ನೋಡಿ ತಾನಾಗಿಯೇ ಹೇಳಿದಳು: “ಅಕ್ಕೋರೇ, ಇದು ನನ್ನ ಬುಟ್ಟಿ ಮೀನೇ. ಐಸು ಸಮಾ ಒರ್ಸಿ ಕೊಡು ಅಂದಿದ್ರು ತುಳಸಿದಾಸ್ರು.” ಅಂತೂ ಸ್ಪರ್ಧೆಯ ಜಾಗ ತಿಳಿಯಿತು. ಮುಂದಿನ ಸಲ ಗಾಳ ಮನೆಯಲ್ಲಿಟ್ಟು, ಚೀಲ ಹಿಡಿದು, ತಮಗಿಂತ ಮೊದಲೇ ಬಂದಿರುತ್ತೇನೆ.