ಮಾವನ ಕಂಪ್ಯೂಟರ್ ಪ್ರಸಾದ

ನಮ್ಮ ಸೋದರಮಾವನಿಗೆ ಹುಚ್ಚು ಅಂತ ನಾನಂತೂ ಹೇಳುವುದಿಲ್ಲ. ಉಪ್ಪಾರಹಳ್ಳಿಯ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನ ಅವರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ! ನಾನು ಅವರ ಮಹಡಿ ಮೇಲಿರುವವನು, ಬೆಳಗಿನ ಕಾಫಿ ಅಲ್ಲೇ. ಬಿಟ್ಟರೆ ಹೇಗೆ?

ಹಿರೇಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಈ ಮಹಾನುಭಾವರು ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಅಲ್ಲಿ ನಾಣ್ಯ ಚಿಮ್ಮುವ ಪ್ರೋಗ್ರಾಂ ಬರೆಸಿದರಂತೆ. ಇವರು ನಾಣ್ಯ ತೆಗೆದುಹಾಕಿ 'ಬಲ', 'ಎಡ' ಅಂತ ಬರೆದುಕೊಂಡರು. ಕುಣಿಗಲ್ ಕಡೆಯ ನಮ್ಮ ಮನೆದೇವರ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುತ್ತಾರಲ್ಲ, ಹಾಗೆ! ಹೂವು ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ.

ಆಮೇಲೆ ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಆ ಮನೆಯಲ್ಲಿ ಒಗ್ಗರಣೆ ಬೀಳಲಿಲ್ಲ. ಸ್ನಾನ ಮಾಡಿ, ಕೀಬೋರ್ಡಿಗೆ ಕುಂಕುಮ ಇಟ್ಟು, ಮೊದಲ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳುವರು. ಉಳಿದವು ಜೋರಾಗಿ.

"ಉಪ್ಪಿಟ್ಟು ತಿನ್ಬೋದಾ?" ಎಡ.

"ಗುಬ್ಬಿ ಷಡ್ಡಕನ ಮನೆಗೆ ಹೋಗ್ಲಾ?" ಎಡ!

"ನಮ್ಮಕ್ಕನ ಮನೆ ಅಂದ್ರೆ ನಿಮ್ ಪೆಟ್ಟಿಗೆಗೂ ಆಗಲ್ವಾ?" ಎಂದು ಅತ್ತೆ ನಗುತ್ತಿದ್ದರು. ಅವರ ಗಂಟಲಿನ ಗಡ್ಡೆಗೆ ಆಪರೇಷನ್ ದಿನ ಗೊತ್ತಾಗಿತ್ತು. ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಪರದೆ ನೋಡಿ ನನ್ನ ಮೈ ಜುಂ ಎಂದಿತು. ಬಲ, ಎಡ, ಎಡ, ಬಲ, ಎಡ. ನಿನ್ನೆಯೂ ಇದೇ! ಮೊನ್ನೆಯೂ! ಆರಿಸಿ ಮತ್ತೆ ಹಾಕಿದೆ. ಅದೇ ಐದು, ಅದೇ ಸಾಲು. ಒಳಗೆ ಯಾರೋ ಕೂತು ಬಾಯಿಪಾಠ ಒಪ್ಪಿಸುತ್ತಿದ್ದ ಹಾಗಿತ್ತು.

"ಮಾವ, ಇದರೊಳಗೆ ಏನೋ ಸೇರ್ಕೊಂಡಿದೆ!"

"ಏನೂ ಇಲ್ಲ ಬುಡ್ಲಾ." ಮಾವ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ಶುರು ಮಾಡ್ದಾಗೆಲ್ಲ ಹೊಸದಾಗಿ ಬರ್ಲಿ ಅಂತ ಪ್ರೋಗ್ರಾಂನಲ್ಲಿ ಒಂದ್ ಲೈನ್ ಬರೀಬೇಕು, ಇಲ್ದಿದ್ರೆ ದಿನಾ ಅದೇ ಸಾಲು. ಮೊದ್ಲು ಮರ್ತಿದ್ದೆ. ಆಮೇಲೆ ಮೇಷ್ಟ್ರು ಹೇಳಿದ್ರು. ನಾನೇ ಬರೀಲಿಲ್ಲ."

"ಯಾಕೆ?"

"ಮೊದಲ್ನೇದು ಯಾವಾಗ್ಲೂ ಬಲಾನೇ ಬರುತ್ತೆ ಕಣೋ. ಆ ಪ್ರಶ್ನೆ ನಿಮ್ಮತ್ತೇದು. ಅವಳಿಗೆ ಹೇಳ್ಬೇಡ."

ಆಪರೇಷನ್ ದಿನ ಮಾವ ಆಸ್ಪತ್ರೆಯಲ್ಲಿ. ದೇವರಿಗೆ ದೀಪ ಹಚ್ಚಲು ಕೆಳಗಿಳಿದ ನಾನು, ಆ ಖಾಲಿ ಮನೆಯಲ್ಲಿ ಕಂಪ್ಯೂಟರ್ ಮುಂದೆ ಯಾವಾಗ ಕೂತೆನೋ! ಉತ್ತರ ಗೊತ್ತಿದ್ದೂ ಕೀಬೋರ್ಡಿಗೆ ಕುಂಕುಮ ಇಟ್ಟೆ. ಇವತ್ತೇ ಬದಲಾಗಿಬಿಟ್ಟರೆ? ಗುಂಡಿ ಒತ್ತಿದೆ. ನೋಡಿದೆ. ಫೋನ್ ಮಾಡಿದೆ.

"ಮಾವ, ಬಲ ಬಂತು."



"ಗೊತ್ತು ಕಣೋ," ಎಂದರು. "ಇನ್ನೊಂದ್ಸಲ ಹೇಳು."