ನನ್ನ ಕ್ಲಾಸಿಗೆ ಸೇರಿದ ಸೋದರಮಾವ

ನಮ್ಮ ಬಳಗದಲ್ಲಿ ಯಾರೂ ಸುಮ್ಮನೆ ಸಾಯುವ ಹಾಗಿಲ್ಲ. ಸತ್ತಿದ್ದಾರೆ ಎಂದು ಇಬ್ಬರು ಹೇಳಬೇಕು, ಆ ಇಬ್ಬರೂ ಪರಸ್ಪರ ಮಾತಾಡಿಕೊಂಡಿರಬಾರದು, ಆಮೇಲೆ ನಮ್ಮ ಸೋದರಮಾವ ಒಪ್ಪಬೇಕು! ಯಡಿಯೂರಿನ ದೊಡ್ಡಪ್ಪ ಹೋಗಿಬಿಟ್ಟರೆಂದು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಕೈಮುಗಿದ ಚಿತ್ರ ಹಾಕಿ ತಮ್ಮ ಕೆಲಸ ನೋಡಿಕೊಂಡರು. ಮಾವ ಮಾತ್ರ ಗುಬ್ಬಿಯಿಂದ ಬಸ್ಸು ಹತ್ತಿ ಹೋದರು. ಬಾಗಿಲು ತೆಗೆದವರು ಸ್ವತಃ ದೊಡ್ಡಪ್ಪ. ಆಸ್ಪತ್ರೆಗೆ ಹೋಗಿದ್ದು ನಿಜ, ವಾಪಸ್ ಬಂದಿದ್ದನ್ನು ಯಾರೂ ಗ್ರೂಪಿಗೆ ಹಾಕಿರಲಿಲ್ಲ ಅಷ್ಟೆ. ಬೇರೆಯವರಾಗಿದ್ದರೆ ಕಾಫಿ ಕುಡಿದು ಎದ್ದು ಬರುತ್ತಿದ್ದರು. ಮಾವ ಎದುರಿಗೆ ಕೂತು, "ನೀವು ಬದುಕಿದೀರ ಅಂತ ಹೇಳಾಕೆ ಇನ್ನೊಬ್ರು ಯಾರಾದ್ರೂ ಅವ್ರಾ?" ಎಂದು ಕೇಳಿದರಂತೆ. ದೊಡ್ಡಮ್ಮ ಒಳಗಿನಿಂದ ಬಂದು ದೃಢಪಡಿಸಿದ ಮೇಲೆಯೇ ಗ್ರೂಪಿಗೆ ತಿದ್ದುಪಡಿ ಹೋಯಿತು.

ಈ ರೋಗ ಅಂಟಿಸಿದವಳು ನಾನೇ. ತುಮಕೂರಿನಲ್ಲಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಕಾಫಿ ತಿಂಡಿ ಕೊಡುತ್ತಾರೆಂದು ತಿಳಿಯಬೇಡಿ, ಎದ್ದು ಹೋಗಿ ಎಂದು ಯಾವಾಗ ಬೇಕಾದರೂ ಹೇಳಬಹುದು ಎಂದು ಅರ್ಥ. ಒಂದು ವರ್ಷ ಎಂ.ಎ.ಗೆ ಸೇರುವವರ ಸಂಖ್ಯೆ ತುಂಬಲಿಲ್ಲ. ಒಬ್ಬರು ಕಡಿಮೆ. ಒಬ್ಬರು ಬಾರದಿದ್ದರೆ ಕೋರ್ಸು ನಡೆಯುವುದಿಲ್ಲ, ನಡುವೆ ಒಬ್ಬರು ಬಿಟ್ಟರೂ ನಡೆಯುವುದು ಅನುಮಾನ, ನಡೆಯದಿದ್ದರೆ ನನಗೆ ಮನೆಯ ದಾರಿ. ಅಮ್ಮನ ಮುಂದೆ ಅತ್ತುಕೊಂಡಿದ್ದು ಅಮ್ಮನ ತಮ್ಮನ ಕಿವಿಗೆ ಬಿತ್ತು. ಮಾವ ಗುಬ್ಬಿಯ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು, ಯಾವ ಕಾಲದ್ದೋ ಒಂದು ಬಿ.ಎ. ಪದವಿ ಕೈಯಲ್ಲಿತ್ತು. ಮಾರನೆಯ ದಿನವೇ ಬಂದು ಸೇರಿದರು.

ಹೆಸರಿಗೆ ಒಬ್ಬ ವಿದ್ಯಾರ್ಥಿ ಸಿಕ್ಕರೆ ಸಾಕಿತ್ತು ನನಗೆ. ಸಿಕ್ಕಿದ್ದು ನಿಜವಾದ ವಿದ್ಯಾರ್ಥಿ! ದಿನಾ ನನಗಿಂತ ಮೊದಲು ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ಎದ್ದು ನಿಲ್ಲುತ್ತಿದ್ದರು. ಕ್ಲಾಸಿನಲ್ಲಿ ಮಾತ್ರವಾಗಿದ್ದರೆ ಸಹಿಸಬಹುದಿತ್ತು. ಅಕ್ಕನ ಸೀಮಂತದಲ್ಲೂ ನನ್ನನ್ನು ಕಂಡು ಊಟದ ಎಲೆ ಬಿಟ್ಟು ಎದ್ದರು, ಪಕ್ಕದ ಸಾಲಿನವರು ಊಟ ಮುಗಿಯಿತೆಂದು ತಾವೂ ಎದ್ದರು.

ಸುದ್ದಿಯಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಲ್ಲವೂ ಇರಬೇಕು ಎಂದು ಮೊದಲ ವಾರ ಹೇಳಿಕೊಟ್ಟೆ. ಅದರ ಫಲ ಉಂಡವರು ಅತ್ತೆ, ಅಂದರೆ ಮಾವನ ಹೆಂಡತಿ. ಒಂದು ಮಧ್ಯಾಹ್ನ ಗ್ಯಾಸ್ ಮುಗಿಯಿತು ಎಂದರಂತೆ. ಯಾವಾಗ ಮುಗಿಯಿತು, ಕೊನೆಗೆ ಹಚ್ಚಿದವರು ಯಾರು, ಮುಗಿದಿದೆ ಎಂಬುದಕ್ಕೆ ಏನು ಆಧಾರ ಎಂದು ಮಾವ ಶುರು ಮಾಡಿದರು. ಪಕ್ಕದ ಮನೆಯವರನ್ನು ಕರೆಸಿ ಸಿಲಿಂಡರ್ ಅಲ್ಲಾಡಿಸಿ ನೋಡಿಸಿದರು. ಎಲ್ಲ ಖಚಿತವಾಗುವಷ್ಟರಲ್ಲಿ ಗ್ಯಾಸಿನ ಗಾಡಿ ಬೀದಿ ದಾಟಿತ್ತು. ಅವತ್ತು ಮನೆಯಲ್ಲಿ ಮೊಸರವಲಕ್ಕಿ.

ಇನ್ನು ನನ್ನ ತಂಗಿಯನ್ನು ನೋಡಲು ಕುಣಿಗಲ್ಲಿನವರು ಬಂದ ದಿನದ ಕಥೆ ಕೇಳಿ. ಹುಡುಗ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಎಂದು ಅವರು ಹೇಳಿದರೆ, ಮಾವ ಆಗಲೇ ಕಾರ್ಖಾನೆ ಗೇಟಿನ ಎದುರಿನ ಬೀಡಾ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಹೌದೆಂದು ಸರ್ಟಿಫಿಕೇಟ್ ಕೊಟ್ಟರು. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಒಂದೇ ಕಡೆಯದು ಬರೆದರೆ ಸುದ್ದಿಯಾಗುವುದಿಲ್ಲ ಎಂದು ನಾನು ಪಾಠ ಮಾಡಿದ್ದೆನಲ್ಲ! ನಮ್ಮ ಹುಡುಗಿ ಎಂಟಕ್ಕೆ ಏಳುತ್ತಾಳೆ, ಕೋಪ ಬಂದರೆ ಎರಡು ದಿನ ಮಾತಿಲ್ಲ, ಸಾರಿಗೆ ಉಪ್ಪು ಜಾಸ್ತಿ ಎಂದು ಸಮತೋಲನಕ್ಕಾಗಿ ವರದಿ ಒಪ್ಪಿಸಿದರು. ಅಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಹುಡುಗನ ತಾಯಿ ಮಾತ್ರ, ಇಷ್ಟು ನಿಜ ಹೇಳುವ ಮನೆ ಬೇರೆಲ್ಲೂ ನೋಡಲಿಲ್ಲ ಎಂದು ಅವತ್ತೇ ಒಪ್ಪಿಕೊಂಡರು. ತಂಗಿ ಎರಡು ದಿನ ಮಾವನ ಹತ್ತಿರ ಮಾತಾಡಲಿಲ್ಲ.

ಮೂರನೇ ಸೆಮಿಸ್ಟರಿನಲ್ಲಿ ಸಂದರ್ಶನ ಮಾಡಿ ಬರೆದುಕೊಂಡು ಬರಲು ಹೇಳಿದೆ. ಚೆನ್ನಾಗಿ ಗೊತ್ತು ಎಂದುಕೊಂಡವರನ್ನೇ ಮಾತಾಡಿಸಿ ಎಂಬುದು ನನ್ನ ಷರತ್ತು. ಮಾವ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಮೊಬೈಲಿನ ರೆಕಾರ್ಡರ್ ಹಚ್ಚಿ, ಅತ್ತೆಯನ್ನು ಸಂದರ್ಶಿಸಿದರು.

ಮಾರನೆಯ ದಿನ ಕ್ಲಾಸಿಗೆ ಬರಲಿಲ್ಲ. ಮಧ್ಯಾಹ್ನ ವಿಭಾಗದ ಕೋಣೆಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಅತ್ತೆ ಬಿ.ಎ. ಮುಗಿಸಿ ಎಂ.ಎ.ಗೆ ಸೀಟು ತೆಗೆದುಕೊಂಡಿದ್ದರಂತೆ, ಅಷ್ಟರಲ್ಲಿ ಮದುವೆಯಾಯಿತಂತೆ. ಇದು ನಮ್ಮ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಓದೋದೆಲ್ಲ ಆಮೇಲೆ ನೋಡಾನ ಅಂದಿದ್ದು ಯಾರು ಅಂತ ಕೇಳ್ದೆ ಮೇಡಂ. ನೀವೇ ಅಂದ್ಲು," ಎಂದರು ಮಾವ. "ಇದುಕ್ಕೆ ಇನ್ನೊಬ್ರನ್ನ ಕೇಳಾಕೆ ಹೋಗ್ಲಿಲ್ಲ. ನಂಗೇ ನೆನಪೈತೆ."

ಆಮೇಲೆ ತಮ್ಮ ಬೇಡಿಕೆ ಮುಂದಿಟ್ಟರು. ತಮ್ಮ ಸೀಟನ್ನು ಹೆಂಡತಿಯ ಹೆಸರಿಗೆ ಮಾಡಿಕೊಡಬೇಕು! ಸಹಕಾರ ಸಂಘದ ಷೇರು ವರ್ಗಾಯಿಸಿದ ಹಾಗೆ ಇದು ಆಗುವುದಿಲ್ಲ ಎಂದೆ. ಹಾಗಾದರೆ ತಾನೂ ಓದುವುದಿಲ್ಲ, ಅವಳಿಗೆ ಇಲ್ಲದ್ದು ತನಗೆ ಯಾಕೆ ಎಂದು ಬ್ಯಾಗು ಎತ್ತಿಕೊಂಡು ಹೊರಟರು. ಮಾವ ಬಿಟ್ಟರೆ ಕೋರ್ಸಿನ ಗತಿಯೇನು, ನನ್ನ ಗತಿಯೇನು? ಸುಳ್ಳು ಯಾಕೆ ಹೇಳಲಿ, ಅತ್ತೆಯ ದುಃಖಕ್ಕಿಂತ ಮೊದಲು ನನಗೆ ನೆನಪಾಗಿದ್ದು ನನ್ನ ಕೆಲಸವೇ.

ಮರುದಿನ ಮಾವ ಬಂದರು. ಜೊತೆಗೆ ಅತ್ತೆ. ಅತ್ತೆ ನಮ್ಮ ವಿಭಾಗಕ್ಕೆ ಬಂದಿದ್ದು ಅದೇ ಮೊದಲು. ಗೋಡೆಗೆ ಅಂಟಿಸಿದ್ದ ವಿದ್ಯಾರ್ಥಿಗಳ ಪತ್ರಿಕೆಯನ್ನು ನಿಂತು ಪೂರ್ತಿ ಓದಿದರು. ಓದಿ ಮುಗಿಸಿ ಮಾವನ ಕಡೆ ತಿರುಗಿದರು.

"ನೀವು ಅರ್ಧಕ್ಕೆ ಬಿಟ್ರೆ ನಂಗೇನು ಸಿಕ್ದಂಗಾಯ್ತು? ಮುಗ್ಸಿ. ಮುಂದಿನ್ ಸಲ ನಾನು ಸೇರ್ತೀನಿ. ಅಷ್ಟ್ರಲ್ಲಿ ಮುದ್ದೆ ಕಟ್ಟೋದು ಕಲೀರಿ."

ಮಾವ ಎಂ.ಎ. ಪಾಸಾದರು. ಮುದ್ದೆಯಲ್ಲಿ ಇನ್ನೂ ಗಂಟು ಬರುತ್ತದೆ.

ಈ ವರ್ಷ ಅತ್ತೆ ನಮ್ಮ ವಿಭಾಗಕ್ಕೆ ಸೇರಿದರು. ಮೊದಲ ದಿನ ಬಿಡಲು ಬಂದಿದ್ದ ಮಾವ, ಅತ್ತೆ ಒಳಗೆ ಹೋಗಿ ಕೂತ ಮೇಲೂ ಕಾರಿಡಾರಿನಲ್ಲೇ ನಿಂತಿದ್ದರು. ನಾನು ಕ್ಲಾಸಿಗೆ ಹೊರಟಾಗ ತಡೆದು ನಿಲ್ಲಿಸಿದರು. ಈ ಸಲ ಮೇಡಂ ಎನ್ನಲಿಲ್ಲ.

"ಪುಟ್ಟಿ, ಅವ್ಳು ಕ್ಲಾಸ್‌ನಲ್ಲಿ ಪ್ರಶ್ನೆ ಜಾಸ್ತಿ ಕೇಳುದ್ರೆ ಬೈಬ್ಯಾಡ ಕಣವ್ವ. ಮದ್ವೆ ಆದಾಗಿಂದ ಕೇಳ್ತಾನೇ ಅವ್ಳೆ, ನಾನು ಒಂದುಕ್ಕೂ ಉತ್ರ ಕೊಟ್ಟಿಲ್ಲ."