ತಮ್ಮನ ಫೋನು ನನ್ನ ಟೇಬಲ್ಲಿಗೆ

ಬಡಿದುಕೊಳ್ಳುವ ಫೋನನ್ನು ಎತ್ತದೆ ಸುಮ್ಮನೆ ಕೂರುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ನಾನು ಎದ್ದು ನಿಲ್ಲುತ್ತೇನೆ. ಹಾಸನದ ಬಸ್ಸಿನಲ್ಲಿ ಯಾರದೋ ಮೊಬೈಲು ಬಡಿದರೆ ನನ್ನ ಕೈ ನನ್ನ ಜೇಬಿಗೆ ಹೋಗುತ್ತದೆ. ನನ್ನದು ಮನೆಯಲ್ಲೇ ಬಿಟ್ಟು ಬಂದಿದ್ದೇನೆಂದು ಗೊತ್ತಿದ್ದರೂ ಹೋಗುತ್ತದೆ. "ನೀವು ಕುಂತ ಕಡೆ ಎಲ್ಲಾ ಇರುವೆ ಗೂಡು ಇರ್ತದೆ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಚಡಪಡಿಕೆಯಿಂದಲೇ ನಾನು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮೂರು ವಾರ ನನ್ನ ತಮ್ಮನಾಗಿ ಬದುಕಿದೆ. ಅವನ ಮಗಳಿಗೆ ಕೂಡಿಬಂದ ಸಂಬಂಧವನ್ನು ಇನ್ನೇನು ಕೈತಪ್ಪುವ ಅಂಚಿಗೆ ತಂದು ನಿಲ್ಲಿಸಿದೆ.

ಹೊಳೆನರಸೀಪುರದಲ್ಲಿ ನನಗೂ ತಮ್ಮ ನಂಜೇಗೌಡನಿಗೂ ಸೇರಿ ಒಂದೇ ಅಂಗಡಿ. ಮುಂದೆ ನಾನು ಪೈಪು, ವಾಲ್ವು ಮಾರುತ್ತೇನೆ. ಹಿಂದಿನ ಶೆಡ್ಡಿನಲ್ಲಿ ಅವನು ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾನೆ. ನಡುವಿನ ಆಫೀಸಿನಲ್ಲಿ ಎರಡು ಟೇಬಲ್ಲು, ಎರಡು ಫೋನು. ಟೇಬಲ್ಲಿನಿಂದ ಟೇಬಲ್ಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾವಿಬ್ಬರೂ ಮೂರು ವರ್ಷದಿಂದ ದಾಟಿರಲಿಲ್ಲ. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಡುವುದು ಹಿರಿಯನಾದ ನನ್ನ ಮನೆಯಲ್ಲಿ. ಆ ವರ್ಷ ನನ್ನ ಹೆಂಡತಿ ಯಾವುದೋ ಹರಕೆಗೆಂದು ಮಾಂಸ ಬಿಟ್ಟಿದ್ದಳು. ಎಡೆಗೆ ಸೊಪ್ಪಿನ ಸಾರು ಮಾಡಿದ್ದಳು. ನಂಜ ಎಲೆಯ ಮುಂದೆ ನಿಂತು, "ಬದುಕಿದ್ದಾಗ್ಲೇ ಅಪ್ಪ ಸೊಪ್ಪಿನ ಸಾರು ಕಂಡ್ರೆ ಎದ್ದೋಗ್ತಿದ್ದ. ಈಗ ಅಷ್ಟು ದೂರದಿಂದ ಇದುಕ್ಕೆ ಬತ್ತಾನೇನಣ್ಣ?" ಎಂದ. "ಬರ್ದಿದ್ರೆ ನಿಮ್ಮನೆಗೇ ಓಗ್ಲಿ" ಎಂದು ನಾನು ಅಂದುಬಿಟ್ಟೆ. ಅವನು ನೆಟ್ಟಗೆ ಮನೆಗೆ ಹೋಗಿ ಕೋಳಿ ಕೊಯ್ದು ಬೇರೆ ಎಡೆ ಇಟ್ಟ. ಅಪ್ಪ ಅವತ್ತು ಎಲ್ಲಿ ಉಂಡನೋ ತಿಳಿಯದು. ನನ್ನ ಮನೆಯಲ್ಲಿ ಉಂಡಿರಲಾರ ಎಂಬ ಅನುಮಾನ ನನಗೂ ಇದೆ.

ಈ ವರ್ಷ ಹಳೆಯ ತಂತಿಯ ಫೋನು ತೆಗೆಸಿ ಇಂಟರ್ನೆಟ್ ಪೆಟ್ಟಿಗೆ ಹಾಕಿಸಿದೆವು. ಕೂಡಿಸಲು ಬಂದವರು ಚನ್ನರಾಯಪಟ್ಟಣದ ಮಂಜಣ್ಣ, ಐವತ್ತರ ಆಸುಪಾಸಿನ ಮನುಷ್ಯ, ಮಾತಿಗೆ ಮುಂಚೆ ಕೆಮ್ಮುವವರು. ಪೆಟ್ಟಿಗೆಯ ಬೆನ್ನಿನಲ್ಲಿ ಫೋನಿನ ತಂತಿ ಸಿಕ್ಕಿಸುವ ಎರಡು ಪೋರ್ಟು. ಮೊದಲನೆಯದಕ್ಕೆ ನನ್ನ ಫೋನು, ಎರಡನೆಯದಕ್ಕೆ ನಂಜನದು, ಇಬ್ಬರಿಗೂ ಬೇರೆ ಬೇರೆ ನಂಬರು. "ಒಬ್ರು ಎತ್ಲಿಲ್ಲ ಅಂದ್ರೆ ಕಾಲು ಇನ್ನೊಬ್ರಿಗೆ ಓಗೋ ಅಂಗೆ ಮಾಡ್ಬೌದು ಯಜಮಾನ್ರೆ. ಆಕ್ಲಾ?" ಎಂದರು. "ಬ್ಯಾಡ" ಎಂದು ನಾನೂ ನಂಜನೂ ಒಟ್ಟಿಗೆ ಅಂದೆವು. ಮೂರು ವರ್ಷದಲ್ಲಿ ನಾವಿಬ್ಬರೂ ಒಮ್ಮತದಿಂದ ಆಡಿದ ಮಾತು ಅದೊಂದೇ. ಆದರೆ ಕಂಪ್ಯೂಟರು ಇದ್ದದ್ದು ನನ್ನ ಟೇಬಲ್ಲಿನ ಮೇಲೆ. ಮಂಜಣ್ಣ ಹಾಗೆ ಕಾಲು ತಿರುಗಿಸುವ ಫಾರ್ವರ್ಡಿಂಗ್ ಪುಟವನ್ನು ತೆರೆದು ತೋರಿಸಿ, ಪಾಸ್‌ವರ್ಡನ್ನು ನನ್ನ ಡೈರಿಯಲ್ಲಿ ಬರೆದುಕೊಟ್ಟು ಹೋದರು.

ನಂಜ ಇರುವುದು ಶೆಡ್ಡಿನಲ್ಲಿ, ಗ್ರೈಂಡರಿನ ಸದ್ದಿನಲ್ಲಿ. ಅವನ ಫೋನು ಬಡಿದುಕೊಳ್ಳುವುದು ನನ್ನ ಕಿವಿಯ ಪಕ್ಕದಲ್ಲಿ. ಎತ್ತುವಂತಿಲ್ಲ, ಕೂರುವಂತಿಲ್ಲ. ನಾಲ್ಕು ದಿನ ತಡೆದೆ. ಐದನೆಯ ದಿನ ಡೈರಿ ತೆಗೆದು, ಎಸ್ಸೆಸ್ಸೆಲ್ಸಿಯವರೆಗೆ ಕಲಿತ ಇಂಗ್ಲಿಷನ್ನೆಲ್ಲ ಒಗ್ಗೂಡಿಸಿಕೊಂಡು, ಎರಡನೆಯ ಪೋರ್ಟಿನಲ್ಲಿ ಮೂವತ್ತು ಸೆಕೆಂಡು ಉತ್ತರವಿಲ್ಲದಿದ್ದರೆ ಕಾಲು ಮೊದಲನೆಯದಕ್ಕೆ ಬರಲಿ ಎಂದು ಹಾಕಿದೆ. ಅವತ್ತಿಗೆ ನನ್ನ ಮನಸ್ಸು ಶುದ್ಧವಾಗಿತ್ತು. ಮೊದಲ ಕಾಲು ಹಳೇಕೋಟೆಯ ರೈತನದು. "ಲೇ ನಂಜ, ಮೋಟ್ರು ಕೊಡ್ತೀಯೋ ಇಲ್ಲಾ ಮ್ಯೂಸಿಯಂನಲ್ಲಿ ಇಡ್ತೀಯೋ?" ನಮ್ಮಿಬ್ಬರ ಗಂಟಲು ಒಂದೇ, ಹೆತ್ತ ಅವ್ವನೇ ಮೋಸಹೋಗುತ್ತಿದ್ದಳು. ನಾನು ಅವನಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು, "ನಾಳಿಕ್ಕೆ ಬಾರಪ್ಪ, ಆಗಿರ್ತದೆ."

ಆಮೇಲೆ ಮೂವತ್ತು ಸೆಕೆಂಡು ಬಹಳ ದೀರ್ಘವೆನಿಸಿತು. ಇಪ್ಪತ್ತು ಮಾಡಿದೆ. ಹತ್ತು ಮಾಡಿದೆ. ಐದಕ್ಕೆ ಇಳಿಸಿದಾಗ ಅವನ ಫೋನು ಒಂದೇ ಸಲ ಕೂಗಿ ಸುಮ್ಮನಾಗುತ್ತಿತ್ತು. ಗ್ರೈಂಡರ್ ನಿಂತಿದ್ದಾಗ ಅದು ಕಿವಿಗೆ ಬಿದ್ದರೆ ನಂಜ ಕೈ ಒರೆಸಿಕೊಂಡು ಶೆಡ್ಡಿನಿಂದ ಓಡಿಬಂದು ಮೂಕವಾದ ಫೋನನ್ನು ನೋಡಿ ಹಿಂದಿರುಗುತ್ತಿದ್ದ. ನಾನು ರಿಸೀವರನ್ನು ಕೈಯಿಂದ ಮರೆಮಾಡಿಕೊಂಡು, ಅವನ ಗಿರಾಕಿಗೆ ಅವನ ಪರವಾಗಿ ಬುದ್ಧಿ ಹೇಳುತ್ತಿರುತ್ತಿದ್ದೆ. ಕೊನೆಗೆ ಆ ಐದು ಸೆಕೆಂಡೂ ಬೇಡವೆನಿಸಿ, ಪುಟದಲ್ಲಿ 'ಸದಾ' ಎಂಬ ಅರ್ಥದ ಚೌಕವನ್ನು ಒತ್ತಿದೆ. ಅಲ್ಲಿಂದಾಚೆಗೆ ಅವನ ಫೋನು ಕೂಗಲೇ ಇಲ್ಲ.

ಅದೇ ದಿನಗಳಲ್ಲಿ ನಂಜ ಒಂದು ಫೋನಿಗಾಗಿ ಕಾಯುತ್ತಿದ್ದ. ಮಗಳು ಸವಿತಳನ್ನು ಅರಕಲಗೂಡಿನ ಕಡೆಯವರು ಒಪ್ಪಿದ್ದರು, ಹುಡುಗ ಹೈಸ್ಕೂಲು ಮೇಷ್ಟ್ರು. ಮಾತುಕತೆಗೆ ಬರುವ ದಿನವನ್ನು ಹುಡುಗನ ತಂದೆ ದೊಡ್ಡಯ್ಯನವರು ತಿಳಿಸಬೇಕಿತ್ತು. ಮೊಬೈಲಿಗೆ ಶೆಡ್ಡಿನಲ್ಲಿ ಸಿಗ್ನಲ್ ಸಿಗದೆಂದು ನಂಜ ಅವರಿಗೆ ಅಂಗಡಿಯ ತನ್ನ ನಂಬರು ಕೊಟ್ಟಿದ್ದ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಸೋಮವಾರ, ದೊಡ್ಡಯ್ಯನವರ ಬಾಯಿಂದಲೇ.

"ನಂಜೇಗೌಡ್ರೆ, ಬುಧವಾರ ಬತ್ತೀವಿ. ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನಿಮಗೂ ನಿಮ್ಮಣ್ಣಂಗೂ ಮಾತಿಲ್ವಂತೆ. ಹಿರೀರು ಎಲೆ ಅಡಿಕೆ ಕೊಡ್ದಿರೋ ಮನೆ ಎಣ್ಣ ನಾವು ತರಾಕಿಲ್ಲ. ನಿಮ್ಮಣ್ಣ ಎಂಥೋರು?"

ಓದುಗರೇ, ನಿಮ್ಮ ಬಗ್ಗೆ ನಿಮ್ಮ ತಮ್ಮನ ಬಾಯಲ್ಲಿ ಹೇಳುವ ಅವಕಾಶ ನಿಮಗೆ ಸಿಕ್ಕಿಲ್ಲ, ಆದ್ದರಿಂದ ನನ್ನನ್ನು ಬೇಗ ಬೈಯಬೇಡಿ. "ನಮ್ಮಣ್ಣ ದೇವ್ರಂಥೋನು" ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣು ಒದ್ದೆಯಾಯಿತು. "ತಪ್ಪೆಲ್ಲ ನಂದೇ" ಎಂದೂ ಸೇರಿಸಿದೆ. ದೊಡ್ಡಯ್ಯನವರು, "ತಪ್ಪು ಒಪ್ಕಳೋನು ದೊಡ್ಡ ಮನ್ಸ. ಅಂಗಾರೆ ಬುಧವಾರ ನಮ್ಮ ಮುಂದೇನೆ ಅಣ್ಣನ ಕಾಲಿಗೆ ಬಿದ್ದು ಸರಿ ಮಾಡ್ಕಬುಡಿ. ಆಮ್ಯಾಕೆ ಮಾತುಕತೆ" ಎಂದರು. "ಆಗ್ಲಿ" ಎಂದು ಫೋನಿಟ್ಟ ಮೇಲೆ ನಾನು ಏನು ಮಾಡಿದೆನೆಂದು ನನಗೆ ತಿಳಿಯಿತು.

ಅಷ್ಟರಲ್ಲಿ ನಂಜ ಶೆಡ್ಡಿನಿಂದ ಬಂದ. ಫೋನನ್ನು ಎತ್ತಿ ಕಿವಿಗಿಟ್ಟುಕೊಂಡು, ಜೀವ ಇದೆಯೇ ಎಂದು ಕೇಳಿ, ಮೆತ್ತಗೆ ಇಟ್ಟ. ಅದರ ಮೇಲಿನ ಧೂಳನ್ನು ತೋಳಿನಿಂದ ಒರೆಸಿದ. ಮತ್ತೆ ಮಧ್ಯಾಹ್ನ ಬಂದ, ಸಂಜೆ ಬಂದ. ಸವಿತ ಊಟದ ಕ್ಯಾರಿಯರು ತಂದವಳು, "ಫೋನ್ ಬಂತಾ ಅಪ್ಪ?" ಎಂದಳು. "ಬರಾಕಿಲ್ಲ ಅಂತ ಕಾಣ್ತದೆ ಕಣವ್ವ" ಎಂದ. ನಾನು ವಾಲ್ವುಗಳನ್ನು ಸೈಜಿನ ಪ್ರಕಾರ ಜೋಡಿಸಿದೆ. ಮತ್ತೆ ಕೆಡಿಸಿ ಬಣ್ಣದ ಪ್ರಕಾರ ಜೋಡಿಸಿದೆ.

ಮಂಗಳವಾರ ಬೆಳಿಗ್ಗೆ ಧೈರ್ಯ ಮಾಡಿದೆ. ಎದುರಿಗೆ ನಿಂತು ಹೇಳುವ ಮುಖವಿಲ್ಲ. ಅವನು ತನ್ನ ಟೇಬಲ್ಲಿಗೆ ಬಂದು ಕೂತಿದ್ದಾಗ ನನ್ನ ಫೋನಿನಿಂದ ಅವನ ನಂಬರನ್ನು ಒತ್ತಿದೆ. ಕುಯ್ ಕುಯ್ ಎಂದು ಲೈನು ಬ್ಯುಸಿ ಎನ್ನುವ ಸದ್ದು ಬಂತು. ಎರಡು ಸಲ ಒತ್ತಿದ ಮೇಲೆ ತಲೆಗೆ ಹೊಳೆಯಿತು: ಅವನಿಗೆ ಹೋಗುವ ಕಾಲೆಲ್ಲ ನನಗೆ ಬರುತ್ತದೆ, ನಾನೋ ಫೋನಿನಲ್ಲಿದ್ದೇನೆ. ಊರಿನಲ್ಲಿ ಯಾರಿಗೂ ನಂಜ ಸಿಗದಂತೆ ಮಾಡಿ, ನನಗೂ ಸಿಗದಂತೆ ಮಾಡಿಕೊಂಡಿದ್ದೆ. ನಂಜ ಎದ್ದು ಶೆಡ್ಡಿಗೆ ಹೋದ. ನಾನು ಹಿಂದೆಯೇ ಹೋದೆ.

"ನಂಜ, ನಾಳಿಕ್ಕೆ ಬತ್ತಾರಂತೆ ಅರಕಲಗೂಡಿನೋರು."

ಅವನು ತಂತಿ ಸುತ್ತುತ್ತಲೇ ಇದ್ದ. "ನಿಂಗ್ಯಾರು ಯೋಳಿದ್ರು?"

"ನಿಂಗೆ ಫೋನ್ ಮಾಡಿದ್ರು. ನಾನು ಎತ್ತಿದೆ."

"ನೀನು ಅಂತ ಯೋಳ್ದಾ?"

"ಇಲ್ಲ. ನೀನು ಅಂತ ಯೋಳ್ದೆ."

ಅವನ ಕೈ ನಿಂತಿತು. ನಾನು ಪೆಟ್ಟಿಗೆ, ಪೋರ್ಟು, ಸೆಕೆಂಡು ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿ, "ಇನ್ನೇನು ಯೋಳ್ದೆ ನಾನು?" ಎಂದ.

"ತಪ್ಪೆಲ್ಲ ನಂದು ಅಂದೆ. ಅಂದ್ರೆ ನಿಂದು. ಅವ್ರ ಮುಂದೆ ಅಣ್ಣನ ಕಾಲಿಗೆ ಬೀಳ್ತೀನಿ ಅಂತಾನೂ ಒಪ್ಕಂಡೆ."

"ಸೊಪ್ಪಿನ ಸಾರಿನ ವಿಷ್ಯ?"

"ಬಲು ರುಚಿಯಾಗಿತ್ತು ಅಂದೆ."

ಹಲ್ಲೆರಡು ಉದುರಿಸುವಂತೆ ನೋಡಿದ. ಉದುರಿಸಿದ್ದರೆ ನನಗೂ ಹಗುರವಾಗುತ್ತಿತ್ತು. ಅವನು ತಂತಿಯ ತುದಿಯನ್ನು ಕತ್ತರಿಸಿ, "ಮಗಳ ವಿಷ್ಯ. ಬೀಳ್ತೀನಿ, ಓಗು" ಎಂದಷ್ಟೇ ಹೇಳಿದ.

ಬುಧವಾರ ಅವನ ಮನೆಯ ಹೊಸಿಲನ್ನು ಮೂರು ವರ್ಷದ ನಂತರ ದಾಟಿದೆ. ದೊಡ್ಡಯ್ಯನವರು ದೊಡ್ಡ ರುಮಾಲಿನ, ಸಣ್ಣ ದನಿಯ ಮನುಷ್ಯ. ಎಲೆ ಅಡಿಕೆ ತಟ್ಟೆ ಬಂತು. ನಂಜ ಎದ್ದು, ಪಂಚೆ ಸರಿಮಾಡಿಕೊಂಡು, ನನ್ನ ಮುಂದೆ ಬಗ್ಗಿದ. ಅವನಿಗೂ ಅರವತ್ತಾಗಿದೆ, ಮಂಡಿ ಲಟಕ್ಕೆಂದಿತು. ಅಡುಗೆಮನೆಯ ಬಾಗಿಲಲ್ಲಿ ಸವಿತ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಅಷ್ಟಕ್ಕೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಅವನ ಎರಡು ಭುಜ ಹಿಡಿದು ಮೇಲೆತ್ತಿ, "ಇವನದೇನೂ ತಪ್ಪಿಲ್ಲ ಸ್ವಾಮಿ. ತಪ್ಪೆಲ್ಲ ನಂದು. ಅವತ್ತು ಫೋನಲ್ಲಿ ಮಾತಾಡಿದ್ದೂ ಇವನಲ್ಲ, ನಾನು" ಎಂದುಬಿಟ್ಟೆ. ಸಂಬಂಧ ಮುರಿಯಿತೆಂದೇ ಕಣ್ಣು ಮುಚ್ಚಿದೆ.

ದೊಡ್ಡಯ್ಯನವರ ಕಣ್ಣಲ್ಲಿ ನೀರಾಡಿತು. ಹೆಂಡತಿಯ ಕಡೆ ತಿರುಗಿ, "ನೋಡ್ದಾ? ತಮ್ಮ ಆದೋನು ತಪ್ಪು ನಂದು ಅಂತಾನೆ. ಅವನ ಮಾನ ಉಳಿಸಾಕೆ ಅಣ್ಣ ತಪ್ಪಷ್ಟನ್ನೂ ಮೈಮ್ಯಾಕೆ ಎಳ್ಕತಾನೆ, ಫೋನಲ್ಲಿ ಮಾತಾಡಿದ್ದೂ ನಾನೇ ಅಂತಾನೆ. ಇಂಥ ಮನೆ ಬುಟ್ಟು ಇನ್ನೆಲ್ಲಿ ಉಡುಕ್ಲಿ?" ಎಂದರು. "ಇಲ್ಲ ಸ್ವಾಮಿ, ನಿಜವಾಗ್ಲೂ ನಾನೇ" ಎಂದು ಇಂಟರ್ನೆಟ್ ಪೆಟ್ಟಿಗೆಯ ವಿಷಯ ತೆಗೆದೆ. ಅವರು ಕೈಮುಗಿದರು. ನಂಜ ನನ್ನ ಪಂಚೆಯ ತುದಿಯನ್ನು ಹಿಡಿದು ಎಳೆದು, ನನಗೊಬ್ಬನಿಗೇ ಕೇಳುವಂತೆ, "ಕುಂತ್ಕೊ ಸಾಕು. ಇನ್ನೊಂದು ಮಾತಾಡುದ್ರೆ ನಿಂಗೆ ಗುಡಿ ಕಟ್ಸಬೇಕಾಯ್ತದೆ" ಎಂದ. ಕೂತೆ. ಮದುವೆ ಗೊತ್ತಾಯಿತು.

ಈಗ ನಾವು ಮಾತಾಡುತ್ತೇವೆ, ಮುಖ್ಯವಾಗಿ ಅವನು ಬೈಯುತ್ತಾನೆ. ಫಾರ್ವರ್ಡಿಂಗ್ ತೆಗೆದಿದ್ದೇನೆ. ಆದರೆ ಅರಕಲಗೂಡಿನಲ್ಲಿ ನನ್ನ ಕೀರ್ತಿ ಹಬ್ಬುತ್ತಲೇ ಇದೆ. ಮದುವೆಯ ದಿನ ಅಣ್ಣತಮ್ಮಂದಿರ ಒಗ್ಗಟ್ಟಿನ ಬಗ್ಗೆ ನಾನೇ ನಾಲ್ಕು ಮಾತಾಡಬೇಕೆಂದು ಬೀಗರು ಹೇಳಿ ಕಳಿಸಿದ್ದಾರೆ. ಅದನ್ನು ಬರೆಯೋಣವೆಂದು ಕೂತೆ. ಬಂದದ್ದು ಇದು.